ಇಬ್ಬರು ವಾರ್ಗೊಗಳ ನಡುವೆ ಡೊರೀನ್

ಡೊರೀನ್ ವಾರ್ಗೊ ಯಂಗ್ಸ್‌ಟೌನಿನ ದಕ್ಷಿಣದ ಕಡೆ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ತಲೆಗೂದಲಿಗೆ ಬಲೆ, ಕಾಲಿಗೆ ರಬ್ಬರಿನ ಬಿಳಿ ಬೂಟು, ಬಾಯಲ್ಲಿ ಸದಾ ಯಾವುದಾದರೂ ಮಗುವಿಗೆ ಗದರಿಕೆ. 1981ರ ಅಕ್ಟೋಬರಿನಲ್ಲಿ ಒಂದು ಬುಧವಾರ ಅವಳು ಬೆಂದ ಆಲೂಗಡ್ಡೆ ಹಿಸುಕುತ್ತಿದ್ದಾಗ ಕಚೇರಿಯವರು ಫೋನ್ ಬಂದಿದೆ ಎಂದು ಕರೆದರು. ಟಲ್ಸಾ ಊರಿನಿಂದ ಮಾತಾಡುತ್ತಿದ್ದವನು ಹಾಲ್ ಬ್ರೆಂಟನ್, ಅವಳ ತಮ್ಮಂದಿರ ಬ್ಯಾಂಡಿನ ಮ್ಯಾನೇಜರು. ತಮ್ಮಂದಿರಿಬ್ಬರೂ ಹೊಡೆದಾಡಿಕೊಂಡು ಮಾತು ಬಿಟ್ಟಿದ್ದಾರೆ, ಇಬ್ಬರೂ ಬಾಯಿ ಬಿಡುವುದು ನಿನ್ನೊಬ್ಬಳ ಹತ್ತಿರ ಮಾತ್ರ, ಎರಡು ವಾರದ ಮಟ್ಟಿಗೆ ಬಂದು ಹೋಗು ಎಂದು ಅವನು ಬೇಡಿಕೊಂಡ. ಡೊರೀನ್ ಎರಡು ವಾರದ ರಜೆ ಬರೆದುಕೊಟ್ಟು ಹೋದಳು. ಆ ಅಡುಗೆಮನೆಗೆ ವಾಪಸು ಬಂದದ್ದು ಹದಿನೆಂಟು ವರ್ಷದ ಮೇಲೆ.

ನನ್ನ ಹೆಸರು ಎಮಿಲ್ ಹ್ರಿಂಕೊ. ವಾರ್ಗೊಗಳ ಮನೆಯಿಂದ ನಾಲ್ಕನೆಯ ಮನೆ ನಮ್ಮದು. ಬ್ಯಾಂಡು ಹುಟ್ಟಿದ ದಿನದಿಂದ ಮುಳುಗಿದ ದಿನದವರೆಗೂ ಅದರ ಸೌಂಡ್ ನೋಡಿಕೊಂಡವನು ನಾನು. ಮೊದಲೇ ಹೇಳಿಬಿಡುತ್ತೇನೆ, ಆ ಅಣ್ಣತಮ್ಮಂದಿರಲ್ಲಿ ಯಾರನ್ನು ಕಂಡರೂ ನನಗೆ ಆಗುವುದಿಲ್ಲ. ಅವರ ವಿಷಯ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಬ್ಯಾಂಡು ನಡೆಯುತ್ತಿದ್ದಷ್ಟು ದಿನ ಡೊರೀನ್ ಹೆಸರು ಬಂದದ್ದು ಒಂದೇ ಸಲ, ‘ವಾರ್ಗೊ ಸಹೋದರರ ಬಟ್ಟೆ ಒಗೆಯುತ್ತಿದ್ದ ಅಕ್ಕ’ ಎಂದು. ಅವಳು ಅವರ ಒಂದು ಕಾಲುಚೀಲವನ್ನೂ ಒಗೆದವಳಲ್ಲ.

ಬ್ಯಾಂಡಿನ ಹೆಸರು ಬ್ಲ್ಯಾಕ್ ಲ್ಯಾಡಲ್. ಕರಿ ಸೌಟು ಎಂದರ್ಥ. ಹೊರಗಿನವರು ಇದೇನು ಅಡುಗೆಮನೆಯ ಹೆಸರು ಎಂದು ನಗುತ್ತಿದ್ದರು. ನಮ್ಮೂರಲ್ಲಿ ಸೌಟು ಎಂದರೆ ಕರಗಿದ ಉಕ್ಕನ್ನು ಹೊತ್ತು ತೂಗುಕೊಂಡಿಯಲ್ಲಿ ಹೋಗುವ, ಮನೆಯಷ್ಟು ದೊಡ್ಡ ಸೌಟು. ಅವರಪ್ಪ ಆಂಡಿ ವಾರ್ಗೊ ಮೂವತ್ತು ವರ್ಷ ಅದರ ಕೆಳಗೆ ನಿಂತು ಕೆಲಸ ಮಾಡಿದವನು. ದೊಡ್ಡ ಮಗ ಡ್ವೇನ್ ಗಿಟಾರು ಬಾರಿಸುತ್ತಿದ್ದ, ಹಾಡು ಬರೆಯುತ್ತಿದ್ದ. ಬಾಯಿಂದ ಒಂದು ಮಾತು ಹೊರಡಿಸಲು ಅವನಿಗೆ ಒಂದು ದಿನ ಬೇಕು. ಚಿಕ್ಕವನು ಲೈಲ್ ಹಾಡುತ್ತಿದ್ದ. ನೋಡಲು ಚೆಂದ, ಬಾಯಿಗೆ ಬೀಗವಿಲ್ಲ. 1977ರಲ್ಲಿ ಊರಿನ ಉಕ್ಕಿನ ಕಾರ್ಖಾನೆ ಮುಚ್ಚಿತು. ಎರಡು ವರ್ಷಕ್ಕೆ ಆಂಡಿ ಶ್ವಾಸಕೋಶ ಕೆಟ್ಟು ಸತ್ತ. ಆ ಕೊನೆಯ ಒಂಬತ್ತು ದಿನ ಹಾಸಿಗೆಯ ಪಕ್ಕದಿಂದ ಏಳದೆ ಕೂತಿದ್ದವನು ಡ್ವೇನ್. ಲೈಲ್ ಆಗ ಡೆಟ್ರಾಯ್ಟಿನಲ್ಲಿ ಒಬ್ಬ ಹುಡುಗಿಯ ಮನೆಯಲ್ಲಿದ್ದ. ಹೆಣ ಎತ್ತುವ ಹೊತ್ತಿಗೆ ಕರಿ ಕನ್ನಡಕ ಹಾಕಿಕೊಂಡು ಬಂದ.

ಆಮೇಲೆ ಡ್ವೇನ್ ‘ಅಪ್ಪನ ಬೂಟು’ ಎಂಬ ಹಾಡು ಬರೆದ. ಅದೊಂದು ಹಾಡಿನಿಂದ ಬ್ಯಾಂಡಿನ ದೆಸೆ ತಿರುಗಿತು. ಹಳೇ ಸಿಪಾಯಿಗಳ ಕ್ಲಬ್ಬಿನಲ್ಲಿ ನೂರು ಜನರ ಮುಂದೆ ಬಾರಿಸುತ್ತಿದ್ದವರು ಹದಿನೈದು ಸಾವಿರ ಜನ ಹಿಡಿಸುವ ಅಖಾಡಗಳಿಗೆ ಹೋದೆವು. ರೇಡಿಯೋ ಹಚ್ಚಿದರೆ ಅದೇ ಹಾಡು. ಟಲ್ಸಾದಲ್ಲಿ ರೇಡಿಯೋದವರು ಲೈಲ್‌ನನ್ನು ಕೂರಿಸಿಕೊಂಡು ಆ ಹಾಡು ಹೇಗೆ ಹುಟ್ಟಿತು ಎಂದು ಕೇಳಿದರು. ಅವನು ಸಲೀಸಾಗಿ, ಅಪ್ಪ ಸಾಯುವಾಗ ನಾನು ಅವನ ಕೈ ಹಿಡಿದು ಕೂತಿದ್ದೆ, ಅಲ್ಲೇ ಬರೆದೆ ಎಂದ. ನಾವೆಲ್ಲ ಬಣ್ಣ ಹಚ್ಚುವ ಕೋಣೆಯಲ್ಲಿ ಕೂತು ಅದನ್ನು ಕೇಳುತ್ತಿದ್ದೆವು. ಡ್ವೇನ್ ತಿನ್ನುತ್ತಿದ್ದ ಸ್ಯಾಂಡ್‌ವಿಚ್ಚನ್ನು ಕಾಗದದ ಮೇಲೆ ಇಟ್ಟ. ಲೈಲ್ ಬರುವವರೆಗೂ ಅದನ್ನು ಮತ್ತೆ ಮುಟ್ಟಲಿಲ್ಲ. ಬಾಗಿಲು ತೆರೆದವನ ಬಾಯಿಗೇ ಗುದ್ದಿದ. ಮುಂದಿನ ಹಲ್ಲು ಮುರಿಯಿತು. ಲೈಲ್ ಮೈಕಿನ ಕಂಬ ತೆಗೆದು ಬೀಸಿದ. ಡ್ವೇನ್‌ನ ಎಡಗಿವಿಗೆ ಹನ್ನೊಂದು ಹೊಲಿಗೆ ಬಿತ್ತು. ಅದೇ ಕೊನೆ, ಆಮೇಲೆ ಒಬ್ಬರಿಗೊಬ್ಬರು ಒಂದು ಅಕ್ಷರ ಆಡಲಿಲ್ಲ.

ಹಾಗಾದರೆ ಒಬ್ಬರಾದರೂ ಬ್ಯಾಂಡು ಬಿಟ್ಟು ಹೋಗಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಬಿಟ್ಟು ಹೋದವನು ಸೋತಂತೆ, ಉಳಿದವನಿಗೆ ಎಲ್ಲವನ್ನೂ ಬಿಟ್ಟುಕೊಟ್ಟಂತೆ. ಸೋಲುವುದಕ್ಕಿಂತ ದಿನಾ ಎದುರಾಳಿಯ ಮುಖ ನೋಡುವುದೇ ಮೇಲು ಎಂದು ಇಬ್ಬರೂ ಬೇರೆ ಬೇರೆಯಾಗಿ ತೀರ್ಮಾನಿಸಿದ್ದರು. ಅದರಲ್ಲಿ ಮಾತ್ರ ಅವರು ಒಂದೇ ತಾಯಿಯ ಮಕ್ಕಳು.

ಡೊರೀನ್ ಬಂದಾಗ ಅವಳಿಗೆ ಮೂವತ್ಮೂರು ವರ್ಷ. ಕಾರ್ಖಾನೆ ಮುಚ್ಚಿದ ಮೇಲೆ ಅವಳ ಗಂಡ ಕೆಲಸ ಹುಡುಕಿಕೊಂಡು ಟೆಕ್ಸಾಸಿಗೆ ಹೋದವನು ಅಲ್ಲಿಂದಲೇ ವಿಚ್ಛೇದನದ ಕಾಗದ ಕಳಿಸಿದ್ದ. ಮಕ್ಕಳಿರಲಿಲ್ಲ. ಅಷ್ಟರಲ್ಲಿ ಅಣ್ಣನಿಗೊಂದು ಬಸ್ಸು, ತಮ್ಮನಿಗೊಂದು ಬಸ್ಸು ಆಗಿತ್ತು. ಡೊರೀನ್ ಬೆಳಿಗ್ಗೆ ಒಂದರಲ್ಲಿ ಹತ್ತುವಳು, ಪೆಟ್ರೋಲು ಹಾಕಿಸುವಲ್ಲಿ ಇಳಿದು ಇನ್ನೊಂದಕ್ಕೆ ಹೋಗುವಳು. ವೇದಿಕೆಯ ನಡುವೆ ಹಿಂದಿನಿಂದ ಮುಂದಿನವರೆಗೆ ಬಿಳಿ ಪಟ್ಟಿ ಅಂಟಿಸುವುದು ನನ್ನ ಕೆಲಸವಾಯಿತು. ಎಡಭಾಗ ಡ್ವೇನ್‌ನದು, ಬಲಭಾಗ ಲೈಲ್‌ನದು. ಯಾರೂ ದಾಟುವಂತಿಲ್ಲ. ಜನ ಅದನ್ನು ನಾಟಕದ ಒಂದು ಭಾಗ ಎಂದುಕೊಂಡು ಚಪ್ಪಾಳೆ ಹೊಡೆಯುತ್ತಿದ್ದರು.

ಅವಳು ಆ ಕೆಲಸ ಹೇಗೆ ಮಾಡುತ್ತಿದ್ದಳು ಎಂಬುದನ್ನು ನಾನು ಮೊದಲ ಸಲ ಕಂಡದ್ದು ಸೇಂಟ್ ಲೂಯಿಯಲ್ಲಿ, ಶೋಗೆ ಮೊದಲು ಸೌಂಡ್ ಸರಿಪಡಿಸುವಾಗ. ಮೈಕುಗಳೆಲ್ಲ ಚಾಲೂ ಇದ್ದವು, ನನ್ನ ಕಿವಿಯಲ್ಲಿ ಹೆಡ್‌ಫೋನು. ಲೈಲ್ ಅವಳನ್ನು ಕರೆದು ಹೇಳಿದ:

“ಆ ಕೊರಡಿಗೆ ಹೇಳು. ಮೂರನೇ ಹಾಡು ಇನ್ನೊಂದ್ಸಲ ಆ ಸ್ಪೀಡಲ್ಲಿ ಹೊಡೆದ್ರೆ, ಗಿಟಾರ್ ಕಿತ್ಕೊಂಡು ಅದರಲ್ಲೇ ಅವನ ಹಲ್ಲು ಉದುರಿಸ್ತೀನಿ. ನನ್ನ ಹಲ್ಲಿನ ಲೆಕ್ಕ ಹಾಗೇ ಬಾಕಿ ಇದೆ.”

ಡೊರೀನ್ ಪಟ್ಟಿ ದಾಟಿ ಡ್ವೇನ್ ಹತ್ತಿರ ಹೋದಳು.

“ಲೈಲ್‌ಗೆ ಗಂಟಲು ಕಟ್ಟಿದೆ ಕಣೋ. ಮೂರನೇದನ್ನ ಸ್ವಲ್ಪ ನಿಧಾನ ಹಿಡಿಯೋಕಾಗುತ್ತಾ ಅಂತ ಕೇಳ್ದ.”

“ಕುಡಿಯೋದು ಬಿಟ್ರೆ ಗಂಟಲು ತಾನೇ ಸರಿಹೋಗುತ್ತೆ ಅನ್ನು, ಆ ಸುಳ್ಳನಿಗೆ,” ಎಂದ ಡ್ವೇನ್.

ಅವಳು ಪಟ್ಟಿ ದಾಟಿ ವಾಪಸು ಬಂದು ಲೈಲ್‌ಗೆ, “ಆಗ್ಲಿ ಅಂದ,” ಎಂದಳು. ಅವತ್ತು ಮೂರನೆಯ ಹಾಡು ನಿಧಾನವಾಗಿಯೇ ಬಂತು.

ಅವಳು ಸಾಧ್ವಿಯೇನಲ್ಲ. ಸಿಗರೇಟು ಸೇದುತ್ತಿದ್ದಳು, ಲಾರಿಯವರಂತೆ ಬೈಯುತ್ತಿದ್ದಳು. ಸಾಮಾನು ಹೊರುವವರು ಅವಳನ್ನು ವಾರ್ಡನ್ ಎಂದು ಕರೆದು ದ್ವೇಷಿಸುತ್ತಿದ್ದರು. ತಮ್ಮಂದಿರೂ ಅವಳಿಗೆ ಕೃತಜ್ಞರಾಗಿರಲಿಲ್ಲ. ಲೈಲ್‌ಗೆ ಅವಳು ಅಂಚೆಡಬ್ಬಿ, ಎಲ್ಲರ ಮುಂದೆ ಹಾಗೆಯೇ ಕರೆಯುತ್ತಿದ್ದ. ಲೈಲ್‌ನ ಬಸ್ಸಿನಿಂದ ಅವಳು ನೇರ ಬಂದರೆ ಡ್ವೇನ್ ಅವಳಿಗೆ ಕೂರಲು ಹೇಳುತ್ತಿರಲಿಲ್ಲ. ಅವಳೂ ಬಿಡುತ್ತಿರಲಿಲ್ಲ. ಅಪ್ಪ ಬದುಕಿದ್ದರೆ ನಿಮ್ಮಿಬ್ಬರನ್ನೂ ಸೌಟಿಗೆ ಹಾಕಿ ಕರಗಿಸುತ್ತಿದ್ದ ಎಂದು ಇಬ್ಬರಿಗೂ ಮುಖಕ್ಕೆ ಹೇಳುತ್ತಿದ್ದಳು. ತನ್ನ ಬೈಗುಳವನ್ನು ಅವಳು ಇದ್ದದ್ದಿದ್ದಂತೆ ಕೊಡುತ್ತಿದ್ದಳು. ಅವರಿಬ್ಬರ ಬೈಗುಳವನ್ನು ಮಾತ್ರ ಒಬ್ಬರಿಂದೊಬ್ಬರಿಗೆ ತಲುಪಿಸುತ್ತಿರಲಿಲ್ಲ.

ಇದು ಒಂದಲ್ಲ ಒಂದು ದಿನ ತಿಳಿಯುತ್ತದೆ ಎಂದು ನಾನು ಒಮ್ಮೆ ಎಚ್ಚರಿಸಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೈಕಿನ ತಂತಿ ನೀನು ನೋಡಿಕೋ, ನನ್ನ ತಮ್ಮಂದಿರನ್ನು ನಾನು ನೋಡಿಕೊಳ್ಳುತ್ತೇನೆ ಎಂದಳು.

1988ರ ಜನವರಿಯಲ್ಲಿ ಡ್ವೇನ್‌ನ ಹೆಂಡತಿ ರೋಸಲಿ ಸತ್ತಳು. ಹಲ್ಲಿನ ಡಾಕ್ಟರ ಬಳಿ ನರ್ಸ್ ಆಗಿದ್ದಳು. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ರಸ್ತೆಯ ಮಂಜುಗಡ್ಡೆಯ ಮೇಲೆ ಕಾರು ಜಾರಿ ಲಾರಿಯ ಅಡಿಗೆ ಹೋಯಿತು. ನಾವು ಆಗ ಊರಿನಲ್ಲೇ ಇದ್ದೆವು, ಲೈಲ್ ಮಾತ್ರ ಫ್ಲಾರಿಡಾದ ತನ್ನ ಹೊಸ ಮನೆಯಲ್ಲಿದ್ದ. ಆಸ್ಪತ್ರೆಯ ಮೊಗಸಾಲೆಯಿಂದ ಡೊರೀನ್ ಅವನಿಗೆ ಫೋನ್ ಮಾಡಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಲೈಲ್ ಯಾವಾಗಲೂ ಕೂಗಿಯೇ ಮಾತಾಡುವವನು, ಅವನ ದನಿ ಫೋನಿನಿಂದ ಹೊರಗೇ ಕೇಳುತ್ತಿತ್ತು.

“ಶುಕ್ರವಾರದ ಶೋ ಇದೆಯಾ, ಇಲ್ವಾ?”

“ನಿನ್ನ ಅತ್ತಿಗೆ ಸತ್ತಿದಾಳೆ, ಲೈಲ್.”

“ಕೇಳಿಸ್ತು. ಶುಕ್ರವಾರದ್ದು ಏನ್ ಮಾಡೋದು, ಅದನ್ನ ಕೇಳಿ ಹೇಳು.”

ಅವಳು ಫೋನ್ ಇಟ್ಟಳು. ಆಮೇಲೆ ಡ್ವೇನ್ ಕೂತಿದ್ದ ಕೋಣೆಗೆ ಹೋಗಿ ಅವನ ಮುಂದೆ ನೆಲದ ಮೇಲೆ ಕೂತು ಹೇಳಿದ್ದನ್ನು ನಾನು ಬಾಗಿಲಲ್ಲಿ ನಿಂತು ಕೇಳಿದೆ. ಲೈಲ್ ಫೋನಿನಲ್ಲಿ ಅತ್ತುಬಿಟ್ಟ. ಈ ಮನೆಯಲ್ಲಿ ತನ್ನನ್ನು ಮನುಷ್ಯ ಎಂದು ಕಂಡವಳು ರೋಸಲಿ ಒಬ್ಬಳೇ ಎಂದ. ಹೊರಟು ಬರಬೇಕು ಅನ್ನಿಸುತ್ತಿದೆ, ಆದರೆ ಈ ಹೊತ್ತಿನಲ್ಲಿ ನನ್ನ ಮುಖ ನೋಡಿ ಅಣ್ಣನಿಗೆ ಇನ್ನಷ್ಟು ನೋವಾಗಬಾರದು, ನನ್ನ ಬದಲು ನೀನೇ ಅವನ ಕೈ ಹಿಡಿದುಕೋ ಎಂದ. ಹೀಗೆಲ್ಲ ಹೇಳಿ ಅವಳು ಡ್ವೇನ್‌ನ ಕೈ ಹಿಡಿದುಕೊಂಡಳು. ಅಪ್ಪ ಸತ್ತಾಗ ಅಳದ ಡ್ವೇನ್ ಅವತ್ತು ಅವಳ ಭುಜಕ್ಕೆ ಹಣೆ ಒತ್ತಿ ಅತ್ತ.

ಲೈಲ್ ಮಣ್ಣಿಗೆ ಬರಲಿಲ್ಲ. ಡ್ವೇನ್ ಅದನ್ನು ತಪ್ಪು ಎಂದು ಎಣಿಸಲೂ ಇಲ್ಲ.

ಏಪ್ರಿಲಿನಲ್ಲಿ ಡ್ವೇನ್ ಅವಳನ್ನು ಮನೆಗೆ ಕರೆಸಿ ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ ಒಂದು ಮಾತು ಹೇಳಿ ಕಳಿಸಿದ. ಬ್ಯಾಂಡಿನ ಹೆಸರು ಕಾಗದಪತ್ರಗಳಲ್ಲಿ ಡ್ವೇನ್ ಒಬ್ಬನದೇ ಆಗಿತ್ತು, ಇಟ್ಟವನು ಅವನೇ. ಈಗ ಅವನು ಹೇಳಿದ್ದು ಇಷ್ಟು: ಹೆಸರು ನನ್ನದಷ್ಟೇ ಅವನದೂ ಹೌದು, ನಾಳೆ ನಾನು ಇರಲಿ ಬಿಡಲಿ ಅವನು ಆ ಹೆಸರಲ್ಲಿ ಎಲ್ಲಿ ಬೇಕಾದರೂ ಹಾಡಲಿ, ನನ್ನ ಹಾಡುಗಳನ್ನೂ ಹಾಡಲಿ. ಆ ಮಾತನ್ನು ಡೊರೀನ್ ಒಂದಕ್ಷರ ಬದಲಿಸದೆ ಲೈಲ್‌ಗೆ ಮುಟ್ಟಿಸಿದಳು. ಬದಲಿಸುವ ಅಗತ್ಯವಿರಲಿಲ್ಲ. ಲೈಲ್ ಉಗುರು ಕತ್ತರಿಸಿಕೊಳ್ಳುತ್ತಿದ್ದವನು ತಲೆ ಎತ್ತದೆ, “ಕೊನೆಗೂ ಬಗ್ಗಿದನಾ,” ಎಂದ. ಅವನು ಥ್ಯಾಂಕ್ಸ್ ಹೇಳಿದ ಎಂದು ಅವಳು ಡ್ವೇನ್‌ಗೆ ಹೇಳಿದಳು.

ಅಂದಿನಿಂದ ಡ್ವೇನ್ ‘ಅಪ್ಪನ ಬೂಟು’ ಬಾರಿಸುವಾಗ ಕೊನೆಯ ಸಾಲಿಗೆ ಬಿಳಿ ಪಟ್ಟಿಯವರೆಗೆ ನಡೆದು ಬಂದು ಲೈಲ್ ಕಡೆ ತಿರುಗಿ ನಿಲ್ಲತೊಡಗಿದ. ಅವನ್ಯಾಕೆ ನನ್ನನ್ನು ಹಾಗೆ ದಿಟ್ಟಿಸುತ್ತಾನೆ, ತಲೆ ಕೆಟ್ಟಿದೆಯಾ ಎಂದು ಲೈಲ್ ಕೇಳಿದ. ಅವನಿಗೆ ಆ ಕಡೆಯ ದೀಪ ಕಣ್ಣಿಗೆ ಹೊಡೆಯುತ್ತದೆ ಎಂದಳು ಡೊರೀನ್.

ತೊಂಬತ್ತರ ದಶಕ ನಮ್ಮನ್ನು ಒದ್ದು ಹಾಕಿತು. ಹರಕು ಸ್ವೆಟರು ಹಾಕಿಕೊಂಡು ನೆಲ ನೋಡುತ್ತ ಹಾಡುವ ಹೊಸಬರು ಬಂದರು. ರೆಕಾರ್ಡು ಕಂಪನಿ ಒಂದು ಪುಟದ ಪತ್ರ ಕಳಿಸಿ ಕೈ ತೊಳೆದುಕೊಂಡಿತು. ಬಫಲೋ ಊರಿನ ಬಯಲಿನಲ್ಲಿ ಹುಡುಗರ ಎರಡು ಬ್ಯಾಂಡುಗಳ ನಡುವೆ ನಮ್ಮನ್ನು ತೂರಿಸಿದ್ದರು. ಎರಡನೆಯ ಹಾಡಿಗೇ ಜನ ‘ಮನೆಗೆ ಹೋಗು ತಾತ’ ಎಂದು ಕೂಗಲು ಶುರುಮಾಡಿದರು. ಮಳೆ ಬಂದು ನೆಲವೆಲ್ಲ ಕೆಸರಾಗಿತ್ತು, ಅದನ್ನೇ ಉಂಡೆ ಕಟ್ಟಿ ಎಸೆದರು. ಒಂದು ಉಂಡೆ ವೇದಿಕೆಯ ಅಂಚಿನಲ್ಲಿ ನಿಂತಿದ್ದ ಡೊರೀನ್ ಕೆನ್ನೆಗೆ ಬಡಿಯಿತು. ಅವಳು ಅದನ್ನು ಕೆನ್ನೆಯಿಂದ ಕೆರೆದು ತೆಗೆದು, ಮುಂದೆ ನಡೆದು ಹೋಗಿ, ಎಸೆದವನು ಯಾರೆಂದು ಗುರುತಿಸಿ, ಅವನ ಹಣೆಗೇ ವಾಪಸು ಎಸೆದಳು. ಆ ದಿನ ನಮಗೆ ಸಿಕ್ಕ ಒಂದೇ ಚಪ್ಪಾಳೆ ಅದು. ಅಣ್ಣತಮ್ಮಂದಿರಿಬ್ಬರೂ ಅವಳ ಮೇಲೆ ಸಿಟ್ಟಾದರು, ನಮ್ಮ ಮರ್ಯಾದೆ ತೆಗೆದೆ ಎಂದು.

ಆಮೇಲೆ ಜಿಲ್ಲಾ ಮೇಳಗಳು, ಜೂಜುಕಟ್ಟೆಗಳು. ಹಂದಿಗಳ ಪ್ರದರ್ಶನ ಮುಗಿದ ಮೇಲೆ ನಮ್ಮ ಹಾಡು. ಎರಡು ಬಸ್ಸು ಒಂದಾಯಿತು, ನಡುವೆ ಹಲಗೆ ಹೊಡೆಸಿದರು. ಹಲಗೆಯ ಬಾಗಿಲಿನ ಕೀಲಿ ಡೊರೀನ್ ಬಳಿ ಇರುತ್ತಿತ್ತು.

1999ರಲ್ಲಿ ಲೈಲ್ ಯಾರಿಗೂ ಹೇಳದೆ ನಾಲ್ಕು ಜನ ಬಾಡಿಗೆ ವಾದ್ಯಗಾರರನ್ನು ಕಟ್ಟಿಕೊಂಡು ಬ್ಲ್ಯಾಕ್ ಲ್ಯಾಡಲ್ ಎಂಬ ಹೆಸರಿನಲ್ಲೇ ಜರ್ಮನಿಗೆ ಹೊರಟುಹೋದ. ಡ್ವೇನ್‌ಗೆ ತಿಳಿದದ್ದು ಒಂದು ಪೋಸ್ಟರಿನಿಂದ. ಅದರಲ್ಲಿ ತನ್ನ ಜಾಗದಲ್ಲಿ ಇಪ್ಪತ್ತೈದರ ಒಬ್ಬ ಉದ್ದಗೂದಲಿನವನು ತನ್ನದೇ ಥರ ಗಿಟಾರು ಹಿಡಿದು ನಿಂತಿದ್ದ. ಡ್ವೇನ್ ಕೇಸು ಹಾಕಿದ. 1988ರಲ್ಲಿ ನೀನೇ ಹೆಸರು ಕೊಟ್ಟಿದ್ದೀಯ ಎಂದು ಲೈಲ್‌ನ ವಕೀಲನಿಂದ ಉತ್ತರ ಬಂತು. ಬರಹದಲ್ಲಿ ಏನೂ ಇರಲಿಲ್ಲ. ಆ ಮಾತಿಗೆ ಇದ್ದದ್ದು ಒಂದೇ ಸಾಕ್ಷಿ.

2000ದ ಮೇ ತಿಂಗಳಲ್ಲಿ ನಾನೇ ಅವಳನ್ನು ಕಾರಿನಲ್ಲಿ ಕ್ಲೀವ್‌ಲ್ಯಾಂಡಿಗೆ ಕರೆದುಕೊಂಡು ಹೋದೆ. ಕೋರ್ಟಿಗಲ್ಲ, ವಕೀಲರ ಕಚೇರಿಗೆ. ಅಲ್ಲಿ ಪ್ರಮಾಣ ಮಾಡಿಸಿ ಹೇಳಿಕೆ ಬರೆದುಕೊಳ್ಳುತ್ತಾರೆ. ನನ್ನನ್ನೂ ಕರೆಸಿದ್ದರು, ನನ್ನದು ಹತ್ತು ನಿಮಿಷಕ್ಕೆ ಮುಗಿಯಿತು. ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತೆ, ಯಾರೂ ಏಳು ಎನ್ನಲಿಲ್ಲ. ಮೇಜಿನ ಈ ಕಡೆ ಡ್ವೇನ್, ಆ ಕಡೆ ಲೈಲ್, ತುದಿಯಲ್ಲಿ ಡೊರೀನ್. ಭಾನುವಾರ ಚರ್ಚಿಗೆ ಹಾಕುವ ನೀಲಿ ಉಡುಪು ಹಾಕಿಕೊಂಡು ಬಂದಿದ್ದಳು.

ಲೈಲ್‌ನ ವಕೀಲ ಮೊದಲು ಕೇಳಿದ. ಏಪ್ರಿಲಿನ ಮಾತನ್ನು ಅವಳು ಇದ್ದದ್ದಿದ್ದಂತೆ ಹೇಳಿದಳು. ಲೈಲ್ ಕುರ್ಚಿಗೆ ಒರಗಿ ಹಲ್ಲು ಬಿಟ್ಟ. ಡ್ವೇನ್ ಅಲ್ಲಗಳೆಯಲಿಲ್ಲ. ಆಮೇಲೆ ಡ್ವೇನ್ ಪರವಾಗಿ ಒಬ್ಬ ಸಣಕಲು ಹೆಂಗಸು ಕೇಳಲು ಶುರುಮಾಡಿದಳು. ಹೆಂಡತಿ ಸತ್ತ ದುಃಖದಲ್ಲಿ ಅವನಿಗೆ ಬುದ್ಧಿ ನೆಟ್ಟಗಿರಲಿಲ್ಲ ಎಂದು ತೋರಿಸುವುದು ಅವಳ ಉದ್ದೇಶ. ಏಳು ವರ್ಷ ಮಾತಾಡದವನು ಇದ್ದಕ್ಕಿದ್ದಂತೆ ಇಷ್ಟು ಉದಾರಿಯಾಗಲು ಏನು ಕಾರಣ ಎಂದು ಕೇಳಿದಳು.

“ಅದಕ್ಕೆ ಮುಂಚೆ ಲೈಲ್ ಅವರ ಕಡೆಯಿಂದ ಏನಾದ್ರೂ ಮಾತು ಬಂದಿತ್ತಾ?”

ಡೊರೀನ್ ನೀರು ಕುಡಿದಳು. ಡ್ವೇನ್ ಕಡೆ ನೋಡಿದಳು.

“ಬಂದಿತ್ತು ಅಂತ ಡ್ವೇನ್ ಅಂದ್ಕೊಂಡಿದಾನೆ.”

“ನಾನು ಕೇಳ್ತಿರೋದು ನಿಮ್ಮನ್ನ. ಬಂದಿತ್ತಾ?”

“ಬಂದಿರ್ಲಿಲ್ಲ.”

ಡ್ವೇನ್ ತಲೆ ಎತ್ತಿದ. ವಕೀಲೆಗೂ ಇದು ಹೊಸದು, ಕಾಗದ ತಿರುವುತ್ತಿದ್ದವಳು ನಿಲ್ಲಿಸಿದಳು. ಹಾಗಾದರೆ ರೋಸಲಿ ಸತ್ತ ದಿನ ಲೈಲ್ ಹೇಳಿದ್ದೇನು ಎಂದು ಕೇಳಿದಳು.

“ಶುಕ್ರವಾರದ ಶೋ ಇದೆಯಾ ಅಂತ ಕೇಳ್ದ. ಅಷ್ಟೆ.”

ಅಲ್ಲಿಗೆ ನಿಲ್ಲಿಸಬಹುದಿತ್ತು. ವಕೀಲೆ ನಿಲ್ಲಿಸಲಿಲ್ಲ. ಉಳಿದ ಮಾತುಗಳ ಕಥೆಯೇನು ಎಂದು ಒಂದೊಂದಾಗಿ ಕೆದಕಿದಳು. ನಾಲ್ಕು ಗಂಟೆ ಹಿಡಿಯಿತು. ಡೊರೀನ್‌ಗೆ ಎಲ್ಲ ನೆನಪಿತ್ತು, ಯಾವ ಊರು, ಯಾವ ಮಾತು, ಅದನ್ನು ಏನೆಂದು ಬದಲಿಸಿದೆ, ಎಲ್ಲ. ಟೈಪು ಮಾಡುತ್ತಿದ್ದ ಹುಡುಗಿ ಶುರುವಿನಲ್ಲಿ ನಗು ತಡೆದುಕೊಳ್ಳುತ್ತಿದ್ದಳು, ಆಮೇಲೆ ನಗು ಬರಲಿಲ್ಲ. ಲೈಲ್‌ನ ಹಲ್ಲೂ ಒಳಗೆ ಹೋಯಿತು. ಷಿಕಾಗೋದ ಶೋ ಆದ ಮೇಲೆ, ಇಂಥ ಗಂಟಲು ಈ ದೇಶದಲ್ಲಿ ಇನ್ನೊಂದಿಲ್ಲ ಎಂದು ಡ್ವೇನ್ ಹೇಳಿದ್ದಾಗಿ ಡೊರೀನ್ ಅವನಿಗೆ ಹೇಳಿದ್ದಳು. ಅದನ್ನು ಅವನು ಹತ್ತು ಸಂದರ್ಶನಗಳಲ್ಲಿ ಹೇಳಿಕೊಂಡು ತಿರುಗಿದ್ದ. ಡ್ವೇನ್ ಅವತ್ತು ನಿಜವಾಗಿ ಅಂದದ್ದು, ಇವತ್ತೂ ಕತ್ತೆ ಒದರಿದ ಹಾಗಿತ್ತು ಎಂದು.

ಮುಗಿದ ಮೇಲೆ ಡ್ವೇನ್ ಅವಳನ್ನು ಮೊಗಸಾಲೆಯಲ್ಲಿ ತಡೆದ. ಬಿಳಿಚಿಕೊಂಡಿದ್ದ.

“ಹನ್ನೆರಡು ವರ್ಷ ಆ ಒಂದು ಮಾತು ಇಟ್ಕೊಂಡು ಬದುಕಿದೀನಿ ನಾನು.”

“ಗೊತ್ತು.”

“ಯಾಕೆ ಹೇಳ್ದೆ?”

“ಯಾರಾದ್ರೂ ಹೇಳ್ಬೇಕಿತ್ತು. ಅವನು ಹೇಳ್ಲಿಲ್ಲ. ನಾನು ಹೇಳ್ದೆ.”

“ಇನ್ನು ನನಗೆ ಮುಖ ತೋರಿಸ್ಬೇಡ,” ಎಂದು ಡ್ವೇನ್ ಮೆಟ್ಟಿಲಿಳಿದು ಹೋದ. ಆರು ಮಹಡಿ.

ನಾವು ಲಿಫ್ಟಿಗೆ ಕಾಯುತ್ತಿದ್ದಾಗ ಲೈಲ್ ಬಂದ. ಅವನು ಅವಳ ಮುಖಕ್ಕೆ ಮುಖ ತಂದು ಹೇಳಿದ್ದನ್ನು ನಾನು ಮರೆತಿಲ್ಲ.

“ನನ್ನನ್ನ ಒಳ್ಳೆಯವನನ್ನಾಗಿ ಮಾಡೋ ಅಧಿಕಾರ ನಿನಗೆ ಯಾರೇ ಕೊಟ್ರು? ನಾನು ಕೇಳಿದ್ನಾ?”

ಲಿಫ್ಟು ಬಂತು. ಅವಳು ಅವನನ್ನು ಹೊರಗೇ ಬಿಟ್ಟು ಬಾಗಿಲಿನ ಗುಂಡಿ ಒತ್ತಿದಳು.

ಇಬ್ಬರೂ ಒಪ್ಪದೆ ಆ ಹೆಸರನ್ನು ಯಾರೂ ಬಳಸುವಂತಿಲ್ಲ ಎಂದು ತೀರ್ಪಾಯಿತು. ಇಬ್ಬರೂ ಒಪ್ಪುವ ಮಾತೇ ಇರಲಿಲ್ಲ, ಹೆಸರು ಅಲ್ಲಿಗೆ ಸತ್ತಿತು. ಹೇಳಿಕೆಯ ಪುಟಗಳು ಹೇಗೋ ಪತ್ರಿಕೆಗೆ ಹೋದವು. ಅಭಿಮಾನಿಗಳಿಗೆ ಬೈಯಲು ಒಬ್ಬರು ಬೇಕಾಗಿತ್ತು, ಅವಳು ಸಿಕ್ಕಳು. ಬ್ಯಾಂಡು ಮುರಿದವಳು ಎಂದು ಕಾಗದಗಳು ಬಂದವು. ಅವಳು ಮತ್ತೆ ಸೇರಿದ್ದ ಶಾಲೆಗೂ ಬಂದವು. ಯಾರೋ ಅವಳ ಗ್ಯಾರೇಜಿನ ಬಾಗಿಲಿಗೆ ಕೆಂಪು ಬಣ್ಣದಲ್ಲಿ ಸುಳ್ಳುಬುರುಕಿ ಎಂದು ಬರೆದು ಹೋದರು. ನಾನು ಬಣ್ಣದ ಡಬ್ಬಿ ತೆಗೆದುಕೊಂಡು ಹೋದರೆ, ಇರಲಿ ಬಿಡು, ಅಂಚೆಯವನಿಗೆ ಮನೆ ಹುಡುಕುವುದು ಸುಲಭವಾಗುತ್ತದೆ ಎಂದಳು. ಚಳಿಗಾಲ ಕಳೆಯುವವರೆಗೂ ಅದು ಹಾಗೇ ಇತ್ತು.

ಹತ್ತು ವರ್ಷ ಕಳೆಯಿತು. ಡೊರೀನ್ ನಿವೃತ್ತಳಾಗಿ ಶುಕ್ರವಾರಗಳಂದು ನಮ್ಮ ಸ್ಲೊವಾಕ್ ಚರ್ಚಿನ ನೆಲಮಾಳಿಗೆಯಲ್ಲಿ ಬೇರೆ ಹೆಂಗಸರ ಜೊತೆ ಪಿರೋಹಿ ಮಾಡುತ್ತಿದ್ದಳು. ಆಲೂಗಡ್ಡೆ ತುಂಬಿ ಬೇಯಿಸುವ ಕಡುಬು ಅದು, ಉಪವಾಸದ ದಿನಗಳಲ್ಲಿ ಊರೆಲ್ಲ ಕೊಳ್ಳಲು ಬರುತ್ತದೆ. ನಾನೂ ಕೆಲಸ ಬಿಟ್ಟಿದ್ದೆ, ಅಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದೆ. 2010ರ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಲೈಲ್ ಮೆಟ್ಟಿಲಿಳಿದು ಬಂದ. ಕತ್ತಿಗೆ ಉಲ್ಲನ್ ವಸ್ತ್ರ ಸುತ್ತಿಕೊಂಡಿದ್ದ, ಅರ್ಧಕ್ಕರ್ಧ ಇಳಿದುಹೋಗಿದ್ದ. ಗಂಟಲಿನಲ್ಲಿ ಕ್ಯಾನ್ಸರು. ಮಂಗಳವಾರ ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರಂತೆ, ಆಮೇಲೆ ಮಾತಿಲ್ಲ. ಇದನ್ನು ಹೇಳುವಷ್ಟರಲ್ಲೇ ಅವನ ಉಸಿರು ಎರಡು ಸಲ ಕಟ್ಟಿತು. ಡೊರೀನ್ ಕೈಗಳು ಹಿಟ್ಟಿನಲ್ಲಿದ್ದವು, ಅವನ್ನು ಹೊರಗೆ ತೆಗೆಯಲಿಲ್ಲ.

“ಡ್ವೇನ್‌ಗೆ ಹೇಳ್ಬೇಕಿತ್ತು,” ಎಂದ ಲೈಲ್.

“ಏನು?”

“ನೀನೇ ಏನಾದ್ರೂ ಚೆನ್ನಾಗಿರೋದು ಕಟ್ಟಿ ಹೇಳು. ನಿನಗೆ ಬರುತ್ತಲ್ಲ.”

ಹೆಂಗಸರೆಲ್ಲ ಕೈ ನಿಲ್ಲಿಸಿದರು. ಡೊರೀನ್ ಮಾತ್ರ ಕಡುಬಿನ ಅಂಚು ಒತ್ತುತ್ತಲೇ ಇದ್ದಳು.

“ನನ್ನದು ಮುಗೀತು. ಫೋನ್ ಅಲ್ಲಿ ಗೋಡೆ ಮೇಲಿದೆ. ನೀನೇ ಮಾಡು.”

“ನಂಬರ್ ಗೊತ್ತಿಲ್ಲ.”

ಅವಳು ತಲೆ ಎತ್ತದೆ ಒಂದೊಂದೇ ಅಂಕಿ ಹೇಳಿದಳು. ಲೈಲ್ ನಿಂತು ಒತ್ತಿದ. ಡ್ವೇನ್ ಎತ್ತಿಕೊಂಡ, ದನಿ ಕೇಳಿದ ಕೂಡಲೇ ಇಟ್ಟುಬಿಟ್ಟ. ಲೈಲ್ ಮತ್ತೆ ಒತ್ತಿದ. ಮತ್ತೆ ಇಟ್ಟ. ಮೂರನೆಯ ಸಲ ಆ ಕಡೆಯಿಂದ ಏನೂ ಕೇಳಿಸಲಿಲ್ಲ, ಇಟ್ಟ ಸದ್ದೂ ಇಲ್ಲ. ಲೈಲ್ ಗೋಡೆಯ ಕಡೆ ತಿರುಗಿಕೊಂಡು, ಇದ್ದಬದ್ದ ದನಿಯನ್ನೆಲ್ಲ ಒಟ್ಟುಗೂಡಿಸಿ ಹೇಳಿದ:

“ರೋಸಲಿ ಸತ್ತಾಗ ನಾನು ಬರ್ಬೇಕಿತ್ತು. ಬರ್ಲಿಲ್ಲ. ತಪ್ಪು ನನ್ನದು.”

ಸ್ವಲ್ಪ ಹೊತ್ತು ಕೇಳಿಸಿಕೊಂಡ. ಆಮೇಲೆ “ಇಲ್ಲ,” ಎಂದ. ಇನ್ನೊಂದು ಸಲ “ಇಲ್ಲ, ನಾನೇ,” ಎಂದ. ಫೋನನ್ನು ಕಿವಿಯಿಂದ ತೆಗೆದು ನೋಡಿದ, ಗೋಡೆಗೆ ಸಿಕ್ಕಿಸಿದ.

ಏನಂದ ಎಂದು ಡೊರೀನ್ ಕೇಳಲಿಲ್ಲ. ಕೇಳಿದವನು ನಾನು.

“ಇದನ್ನೂ ಅವಳೇ ಹೇಳ್ಕೊಟ್ಟಳಾ ಅಂದ,” ಎಂದ ಲೈಲ್.

ಡೊರೀನ್ ಹಿಟ್ಟಿನ ತಟ್ಟೆ ಎತ್ತಿಕೊಂಡು ಒಳಗೆ ಒಲೆಯ ಬಳಿಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬರುವಷ್ಟರಲ್ಲಿ ಲೈಲ್ ಹೊರಟುಹೋಗಿದ್ದ.

ಆಪರೇಷನ್ನಿನ ಮೇಲೆ ಲೈಲ್ ಎರಡು ವರ್ಷ ಬದುಕಿದ್ದ. ಭಾನುವಾರ ಭಾನುವಾರ ಡೊರೀನ್ ಅವನಿಗೆ ಸೂಪು ಮಾಡಿಕೊಂಡು ಹೋಗುತ್ತಿದ್ದಳು. ಅವನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಅವಳನ್ನು ಬೈಯುತ್ತಿದ್ದ. ಅವಳು ಹಲಗೆ ಒರೆಸಿ ವಾಪಸು ಕೊಟ್ಟು, ಕಾಗುಣಿತ ತಪ್ಪಾಗಿದೆ, ಸರಿಯಾಗಿ ಬರೆದು ಬೈ ಎನ್ನುತ್ತಿದ್ದಳು. ಅವನು ಸತ್ತಾಗ ಡ್ವೇನ್ ಬಂದ, ಕೊನೆಯ ಸಾಲಿನಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತ, ಪ್ರಾರ್ಥನೆ ಮುಗಿಯುವ ಮೊದಲೇ ಹೋದ. ಅಕ್ಕನ ಕಡೆ ನೋಡಲಿಲ್ಲ.

ಡ್ವೇನ್ ಈಗಲೂ ಊರಿನ ಆಚೆ ಮಗ್ಗುಲಲ್ಲಿ ಒಬ್ಬನೇ ಇದ್ದಾನೆ. ನಮ್ಮ ಕಡೆ ಉಳಿದಿರುವ ದಿನಸಿ ಅಂಗಡಿ ಒಂದೇ, ಹಾಗಾಗಿ ಅವರಿಬ್ಬರೂ ಎದುರಾಗುತ್ತಲೇ ಇರುತ್ತಾರೆ. ಹೋದ ತಿಂಗಳು ನಾನೂ ಜೊತೆಗಿದ್ದೆ. ಡೊರೀನ್‌ನನ್ನು ಕಂಡ ಕೂಡಲೇ ಡ್ವೇನ್ ತನ್ನ ತಳ್ಳುಗಾಡಿ ತಿರುಗಿಸಿಕೊಂಡು ಇನ್ನೊಂದು ಸಾಲಿಗೆ ಹೋದ. ಬೇಸರವಾಗುತ್ತದಾ ಎಂದು ಕೇಳಿದೆ. ಮೊಟ್ಟೆಯ ಡಬ್ಬಿ ತೆರೆದು ಒಂದೊಂದನ್ನೇ ತಿರುಗಿಸಿ ನೋಡುತ್ತ ಅವಳು, ತಿರುಗಿಸಿಕೊಂಡು ಹೋದವನು ಅವನು, ನಾನು ಎಲ್ಲಿದ್ದೆನೋ ಅಲ್ಲೇ ಇದ್ದೇನೆ ಎಂದಳು. ಒಂದು ಮೊಟ್ಟೆ ಬಿರುಕು ಬಿಟ್ಟಿತ್ತು. ಆ ಡಬ್ಬಿಯನ್ನು ಹಿಂದಿಟ್ಟು ಬೇರೆಯದನ್ನು ತೆಗೆದುಕೊಂಡಳು.